ಹಿಮದ ರಸ್ತೆಗೆ ಫೋರ್ ವೀಲ್ ಡ್ರೈವ್ ಕಾರು ತಗೊಂಡರೆ ಸಾಕಾ?

ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಇಳಿದು, ವಿಮಾನ ನಿಲ್ದಾಣದಲ್ಲೇ ಕಾರು ಬಾಡಿಗೆಗೆ ಹಿಡಿದು, ಆಸ್ಟ್ರಿಯಾದ ಜಿಲ್ಲರ್‌ಟಾಲ್ ಕಣಿವೆಗೆ ಸ್ಕೀಯಿಂಗ್ ರಜೆಗೆ ಹೋಗುತ್ತೇವೆ ಅಂತ ಬರೆದಿದ್ದೀರಿ. ಗಂಡ ಹೆಂಡತಿ, ಇಬ್ಬರು ಮಕ್ಕಳು. ಹಿಮದಲ್ಲಿ ಇದುವರೆಗೆ ಓಡಿಸಿಲ್ಲ. ಫೋರ್ ವೀಲ್ ಡ್ರೈವ್ ಇರುವ ದೊಡ್ಡ ಗಾಡಿ ತಗೊಂಡರೆ ಸಾಕಾ ಅನ್ನುವುದು ನಿಮ್ಮ ಪ್ರಶ್ನೆ.

ಸಾಕಾಗುವುದಿಲ್ಲ. ನಾನು ಮ್ಯೂನಿಕ್‌ನಲ್ಲೇ ಇರುವುದರಿಂದ ಚಳಿಗಾಲದಲ್ಲಿ ಆ ದಾರಿಯಲ್ಲಿ ಓಡಾಡುತ್ತಿರುತ್ತೇನೆ. ಇಲ್ಲಿಗೆ ಬರುವ ಸ್ನೇಹಿತರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋದರೆ ಗಾಡಿ ಸುಲಭವಾಗಿ ಹೊರಡುತ್ತದೆ, ಏರು ಹತ್ತುತ್ತದೆ. ಅಷ್ಟೇ. ಬ್ರೇಕ್ ಒತ್ತಿದಾಗ ಅದಕ್ಕೂ ಸಾಮಾನ್ಯ ಕಾರಿಗೂ ವ್ಯತ್ಯಾಸ ಇಲ್ಲ, ಏಕೆಂದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೂ ಇರುತ್ತದೆ. ಗಾಡಿಯನ್ನು ನಿಲ್ಲಿಸುವುದು, ತಿರುವಿನಲ್ಲಿ ಹಿಡಿದಿಡುವುದು ಟೈರಿನ ರಬ್ಬರ್. ನನಗೆ ಇನ್ನೂ ಒಂದು ಭಯ ಇದೆ. ಸಾಮಾನ್ಯ ಕಾರಿನ ಚಕ್ರ ಹೊರಡುವಾಗಲೇ ಸುಮ್ನೆ ಸುತ್ತಿ, ರಸ್ತೆ ಜಾರುತ್ತಿದೆ ಅಂತ ನಿಮಗೆ ತಿಳಿಸುತ್ತದೆ. ಫೋರ್ ವೀಲ್ ಡ್ರೈವ್ ಏನೂ ಗೊತ್ತಾಗದ ಹಾಗೆ ಹೊರಟುಬಿಡುತ್ತದೆ. ಜಾರಿಕೆ ಗೊತ್ತಾಗುವುದು ಮೊದಲ ತಿರುವಿನಲ್ಲಿ, ವೇಗ ಆಗಲೇ ಜಾಸ್ತಿ ಆಗಿರುವಾಗ. ಒಳ್ಳೆಯ ಚಳಿಗಾಲದ ಟೈರ್ ಇರುವ ಚಿಕ್ಕ ಕಾರು, ಸಾಧಾರಣ ಟೈರ್ ಇರುವ ದೊಡ್ಡ ಎಸ್‌ಯುವಿಗಿಂತ ಎಷ್ಟೋ ವಾಸಿ.

ಹಾಗಾಗಿ ಟೈರಿನಿಂದ ಶುರು ಮಾಡಿ. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಚಳಿಗಾಲದ ಟೈರ್ ಆ ಚಳಿಯಲ್ಲೂ ಮೆತ್ತಗೆ ಇರುತ್ತದೆ, ಮೇಲ್ಮೈ ತುಂಬಾ ಇರುವ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆ ಇದೆಯಾ ನೋಡಿ. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಈ ಚಿಹ್ನೆ ಇರುವುದನ್ನು ಮಾತ್ರ ಚಳಿಗಾಲದ ಟೈರ್ ಅಂತ ಒಪ್ಪುತ್ತಾರೆ. ಬರೀ 'ಎಂ ಪ್ಲಸ್ ಎಸ್' (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು. ವರ್ಷಪೂರ್ತಿ ಬಳಸುವ ಆಲ್ ಸೀಸನ್ ಟೈರ್ ಮೇಲೂ ಈ ಬೆಟ್ಟದ ಚಿಹ್ನೆ ಇದ್ದರೆ ಕಾನೂನಿಗೆ ಸರಿ. ಆದರೆ ಬೆಟ್ಟದ ರಸ್ತೆಗೆ ನಾನು ನಿಜವಾದ ಚಳಿಗಾಲದ ಟೈರನ್ನೇ ಕೇಳಿ ತಗೊಳ್ಳುತ್ತೇನೆ.

ಈಗ ಗಡಿ ದಾಟುವವರು ಗಮನಿಸಬೇಕಾದ ವಿಷಯ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ, ಕೆಸರು ಹಿಮ, ಐಸ್ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಅದರ ಮೇಲ್ಮೈಯಲ್ಲಿ ಕೊರೆದ ಗೆರೆಯ ಆಳ ಕನಿಷ್ಠ 4 ಮಿ.ಮೀ. ಇರಬೇಕು. ಜರ್ಮನಿಯಲ್ಲಿ ಕನಿಷ್ಠ ಮಿತಿ 1.6 ಮಿ.ಮೀ. ಅಂದರೆ 3 ಮಿ.ಮೀ. ಉಳಿದಿರುವ ಟೈರಿನ ಕಾರನ್ನು ಮ್ಯೂನಿಕ್‌ನಲ್ಲಿ ಕಾನೂನು ಪ್ರಕಾರವೇ ಕೊಡಬಹುದು. ಗಡಿ ದಾಟಿದ ಕೂಡಲೇ ಅದು ಚಳಿಗಾಲದ ಟೈರ್ ಅನ್ನಿಸಿಕೊಳ್ಳುವುದಿಲ್ಲ. ಅಳತೆಪಟ್ಟಿ ಬೇಕಿಲ್ಲ. 2 ಯೂರೋ ನಾಣ್ಯದ ಹೊರಗಿನ ಬೆಳ್ಳಿ ಬಣ್ಣದ ಅಂಚು ಸುಮಾರು 4 ಮಿ.ಮೀ. ಅಗಲ ಇದೆ. ನಾಣ್ಯವನ್ನು ಗೆರೆಯೊಳಗೆ ನಿಲ್ಲಿಸಿ, ಆ ಅಂಚು ಪೂರ್ತಿ ಮುಳುಗಬೇಕು. ಮುಳುಗದಿದ್ದರೆ ಬೇರೆ ಕಾರು ಕೇಳಿ. ಒಂದು ಕೌಂಟರಿನಲ್ಲಿ ನನಗೆ "ಇದು ಸಾಕು, ಎಲ್ಲರೂ ಇದರಲ್ಲೇ ಹೋಗುತ್ತಾರೆ" ಅಂತ ಹೇಳಿದ್ದರು. ನಾಣ್ಯ ಇಟ್ಟು ತೋರಿಸಿದ ಮೇಲೆ ತಕರಾರಿಲ್ಲದೆ ಕಾರು ಬದಲಿಸಿಕೊಟ್ಟರು. ಇದು ಜಗಳದ ವಿಷಯ ಅಲ್ಲ, ಮೆತ್ತಗೆ ಕೇಳಿದರೂ ಆಗುತ್ತದೆ. ಆದರೆ ಕೇಳಬೇಕು, ಅದೂ ಪಾರ್ಕಿಂಗ್ ಬಿಡುವ ಮೊದಲೇ.

ಬುಕ್ ಮಾಡುವಾಗಲೇ ಚಳಿಗಾಲದ ಟೈರ್ ಅಂತ ಆಯ್ಕೆ ಮಾಡಿ. ಇಲ್ಲಿ ಬಹಳ ಕಡೆ ಅದಕ್ಕೆ ದಿನಕ್ಕಿಷ್ಟು ಅಂತ ಬೇರೆ ಹಣ ಹಾಕುತ್ತಾರೆ. ಬೇಸರ ಆಗುತ್ತದೆ, ಆದರೂ ಕೊಡಿ. ಆಸ್ಟ್ರಿಯಾಕ್ಕೆ ಹೋಗುತ್ತೇವೆ ಅಂತ ಒಪ್ಪಂದದಲ್ಲಿ ಬರೆಸಿ. ಇನ್ಶೂರೆನ್ಸ್‌ನಲ್ಲಿ ಟೈರು, ಗಾಜು, ಗಾಡಿಯ ತಳಭಾಗ ಸೇರಿದೆಯಾ ಕೇಳಿ. ಹಿಮದಲ್ಲಿ ಹಿಡಿತಕ್ಕೆ ಅಂತ ಟೈರಿಗೆ ಸುತ್ತುವ ಚೈನ್ ತಪ್ಪಾಗಿ ಹಾಕಿ ಆದ ಹಾನಿಯನ್ನು ಸಾಮಾನ್ಯವಾಗಿ ಬಾಡಿಗೆದಾರರ ತಲೆಗೇ ಕಟ್ಟುತ್ತಾರೆ. ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ತಂದಿರಿ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಎಂಬ ಟೋಲ್ ಚೀಟಿ ಬೇಕು. ಜರ್ಮನಿಯಲ್ಲಿ ಬಾಡಿಗೆಗೆ ಕೊಡುವ ಕಾರಿನಲ್ಲಿ ಅದು ಇದ್ದೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಗಡಿಗೆ ಮುಂಚೆ ಸಿಗುವ ಪೆಟ್ರೋಲ್ ಬಂಕ್‌ಗಳಲ್ಲಿ ಕೊಳ್ಳಬಹುದು.

ಡಿಕ್ಕಿ ತೆಗೆದು ನೋಡಿ. ಎಚ್ಚರಿಕೆಯ ತ್ರಿಕೋನ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಆಸ್ಟ್ರಿಯಾದಲ್ಲಿ ಕಡ್ಡಾಯ. ಐಸ್ ಕೆರೆಯುವ ಪಟ್ಟಿ, ಹಿಮ ಗುಡಿಸುವ ಬ್ರಷ್ ಕೇಳಿ ತಗೊಳ್ಳಿ. ಗಾಜು ತೊಳೆಯುವ ನೀರು ಚಳಿಗೆ ಹೆಪ್ಪುಗಟ್ಟದ ದ್ರವವೇ ಅಂತ ಖಚಿತ ಮಾಡಿಕೊಳ್ಳಿ. ಇದನ್ನು ಬಹಳ ಜನ ಮರೆಯುತ್ತಾರೆ. ಹೆದ್ದಾರಿಯಲ್ಲಿ ಮುಂದಿನ ಲಾರಿ ಎರಚುವ ಉಪ್ಪು ಕೆಸರು ಗಾಜಿನ ಮೇಲೆ ಒಣಗಿ ಬೆಳ್ಳಗಾಗುತ್ತದೆ. ವೈಪರ್ ಅದನ್ನು ಇನ್ನಷ್ಟು ಬಳಿಯುತ್ತದೆ. ಆ ಹೊತ್ತಿಗೆ ನೀರು ಬರದಿದ್ದರೆ ಕಣ್ಣು ಕಟ್ಟಿದ ಹಾಗೆಯೇ.

ಚೈನ್ ಬಗ್ಗೆ. ಚಳಿಗಾಲದ ಟೈರ್ ಇದ್ದರೂ ಚೈನ್ ಜೊತೆಗಿರಲಿ. ನೀಲಿ ದುಂಡು ಫಲಕದಲ್ಲಿ ಚೈನ್ ಸುತ್ತಿದ ಟೈರಿನ ಚಿತ್ರ ಕಂಡರೆ ಅಲ್ಲಿಂದ ಮುಂದೆ ಚೈನ್ ಹಾಕಲೇಬೇಕು. ನಿಮ್ಮ ಕಾರಿನ ಟೈರ್ ಅಳತೆಗೆ ಸರಿಯಾದ ಚೈನ್ ಬೇಕು. ಕೆಲವು ಮಾದರಿಗಳಿಗೆ ಚಕ್ರದ ಸುತ್ತ ಜಾಗ ಸಾಲದೆ ಚೈನ್ ಹಾಕುವಂತೆಯೇ ಇಲ್ಲ, ಕಾರಿನ ಕೈಪಿಡಿ ನೋಡಿ. ಎಂಜಿನ್ ತಿರುಗಿಸುವ ಚಕ್ರಗಳಿಗೆ ಅದನ್ನು ಹಾಕುವುದು. ಬಹಳಷ್ಟು ಬಾಡಿಗೆ ಕಾರುಗಳಲ್ಲಿ ಅದು ಮುಂದಿನ ಜೋಡಿ. ಫೋರ್ ವೀಲ್ ಡ್ರೈವ್ ಆದರೆ ಯಾವ ಜೋಡಿ ಅಂತ ಕೈಪಿಡಿಯೇ ಹೇಳಬೇಕು. ಚೈನ್ ಹಾಕಿದ ಮೇಲೆ 50 ಕಿ.ಮೀ. ವೇಗ ಮೀರಬಾರದು. ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು. ರಸ್ತೆ ಹಿಮ ಬಿಟ್ಟು ಡಾಂಬರು ಕಂಡ ತಕ್ಷಣ ಬಿಚ್ಚಬೇಕು.

ಇದೆಲ್ಲ ಓದಲು ಸುಲಭ. ಕತ್ತಲಲ್ಲಿ, ಸುರಿಯುವ ಹಿಮದಲ್ಲಿ, ಮರಗಟ್ಟಿದ ಬೆರಳಲ್ಲಿ, ಹಿಂದೆ ಸಾಲುಗಟ್ಟಿದ ಗಾಡಿಗಳ ದೀಪದ ಬೆಳಕಲ್ಲಿ ಮಾಡುವುದು ಬೇರೆ. ದಯವಿಟ್ಟು ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲೇ ಒಮ್ಮೆ ಹಾಕಿ ಬಿಚ್ಚಿ ನೋಡಿ. ಇಬ್ಬರೂ ಮಾಡಿ. ನೀರು ಇಳಿಯದ ಕೈಗವಸು, ತಲೆಗೆ ಕಟ್ಟುವ ಟಾರ್ಚ್, ಮಂಡಿ ಊರಲು ಒಂದು ಹಳೆ ಚಾಪೆ ಇದ್ದರೆ ಕೆಲಸ ಅರ್ಧ ಆದ ಹಾಗೆ. ರಸ್ತೆಯಲ್ಲಿ ಹಾಕುವಾಗ ಚೈನ್ ಹಾಕಲೆಂದೇ ಬಿಟ್ಟಿರುವ ಅಗಲ ಜಾಗದಲ್ಲೇ ನಿಲ್ಲಿಸಿ. ಏರಿನ ಮಧ್ಯೆ ಸಿಕ್ಕಿಕೊಂಡ ಮೇಲೆ ಹಾಕೋಣ ಅಂತ ಕಾಯಬೇಡಿ.

ಹೊರಡುವ ಸಮಯವೂ ಮುಖ್ಯ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದ ದಿನವೇ ಓಡಿಸಬೇಡಿ. ಮೊದಲ ರಾತ್ರಿ ಮ್ಯೂನಿಕ್‌ನಲ್ಲಿ ಮಲಗಿ, ಬೆಳಗ್ಗೆ ಬೆಳಕಲ್ಲಿ ಹೊರಡಿ. ಅದರಲ್ಲೂ ಎಡಬದಿಯಲ್ಲಿ ಓಡಿಸಿ ರೂಢಿ ಇರುವವರಿಗೆ ಬಲಬದಿಯ ರಸ್ತೆ, ಹೊಸ ಕಾರು, ಹಿಮ ಮೂರೂ ಒಟ್ಟಿಗೆ ಬೇಡ. ಆದಷ್ಟು ಶನಿವಾರ ತಪ್ಪಿಸಿ. ಸ್ಕೀ ಊರುಗಳಲ್ಲಿ ಕೊಠಡಿಗಳು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ಸಿಗುವುದರಿಂದ ಆ ದಿನ ಇನ್ ನದಿಯ ಕಣಿವೆಯ ಹೆದ್ದಾರಿಯಲ್ಲೂ ಜಿಲ್ಲರ್‌ಟಾಲ್ ಒಳಗಿನ ರಸ್ತೆಯಲ್ಲೂ ಗಾಡಿಗಳು ಆಮೆ ವೇಗದಲ್ಲಿ ಸಾಗುತ್ತವೆ. ಜಾಮ್ ತಪ್ಪಿಸಲು ಮೊಬೈಲಿನ ಮ್ಯಾಪ್ ಹಳ್ಳಿದಾರಿ ತೋರಿಸಿದರೆ ನಂಬಬೇಡಿ. ಚಳಿಗಾಲದ ವಾರಾಂತ್ಯಗಳಲ್ಲಿ ಈ ಕಣಿವೆಗಳಿರುವ ಟಿರೋಲ್ ರಾಜ್ಯದ ಹಲವು ಕಡೆ ಹೆದ್ದಾರಿಯಿಂದ ಇಳಿದು ಹಾಗೆ ಒಳದಾರಿ ಹಿಡಿಯುವುದಕ್ಕೆ ನಿಷೇಧ ಇದೆ, ಪೊಲೀಸರು ತಡೆದು ವಾಪಸ್ ಕಳಿಸುತ್ತಾರೆ. ಒಳದಾರಿಗಳಿಗೆ ಉಪ್ಪು ಹಾಕುವುದೂ ಕಡಿಮೆ, ಹಿಮ ತೆಗೆಯುವುದೂ ತಡ. ಎರಡೂ ದೇಶಗಳಲ್ಲಿ ಹೆದ್ದಾರಿ ಜಾಮ್ ಆದಾಗ ನಡುವೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಎಡ ತುದಿಯ ಸಾಲಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿಯುವುದು ನಿಯಮ.

ಇನ್ನು ಓಡಿಸುವುದು. ಟೈರಿಗೆ ಇರುವ ಹಿಡಿತ ಒಂದು ಮಿತಿಯಷ್ಟೇ. ಬ್ರೇಕಿಗೂ ಅದೇ ಬೇಕು, ತಿರುವಿಗೂ ಅದೇ ಬೇಕು. ಒಣ ರಸ್ತೆಯಲ್ಲಿ ಬೇಕಾದಷ್ಟು ಇರುವುದರಿಂದ ನಾವು ಲೆಕ್ಕ ಇಡುವುದಿಲ್ಲ. ಹಿಮದಲ್ಲಿ ಲೆಕ್ಕ ಇಡಬೇಕು. ಆದ್ದರಿಂದ ಒಂದು ಸಲಕ್ಕೆ ಒಂದೇ ಕೆಲಸ. ತಿರುವು ಬರುವ ಮೊದಲೇ, ರಸ್ತೆ ನೇರ ಇರುವಾಗಲೇ ವೇಗ ಇಳಿಸಿ. ತಿರುವಿನಲ್ಲಿ ಬ್ರೇಕ್ ಬಿಟ್ಟು ಬರೀ ಸ್ಟೀರಿಂಗ್ ತಿರುಗಿಸಿ. ಗಾಡಿ ನೇರವಾದ ಮೇಲೆ ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿ. ನೀವು ಹೊಸಬರು, ಇಷ್ಟನ್ನು ಪಾಲಿಸಿದರೆ ದೊಡ್ಡ ಅಪಾಯಗಳು ಬಹಳ ಮಟ್ಟಿಗೆ ದೂರ ಇರುತ್ತವೆ.

ಮುಂದಿನ ಗಾಡಿಯಿಂದ ದೂರ ಇರಿ. ಐಸ್ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಗಿಂತ 10 ಪಟ್ಟು ದೂರ ಬೇಕಾಗಬಹುದು ಅಂತ ಬ್ರಿಟನ್ನಿನ ರಸ್ತೆ ನಿಯಮ ಪುಸ್ತಕ ಹೇಳುತ್ತದೆ. ಹಿಂದಿನವರು ಅಂಟಿಕೊಂಡು ಬಂದು ದೀಪ ಮಿನುಗಿಸಿದರೆ ಗಾಬರಿಯಾಗಿ ವೇಗ ಹೆಚ್ಚಿಸಬೇಡಿ. ಸುರಕ್ಷಿತ ಜಾಗ ಸಿಕ್ಕಾಗ ಪಕ್ಕಕ್ಕೆ ನಿಂತು ಬಿಟ್ಟುಕೊಡಿ. ಹಿಮ ತೆಗೆಯುವ ಗಾಡಿ ಮುಂದಿದ್ದರೆ ಅದೃಷ್ಟ ಅಂದುಕೊಂಡು ಅದರ ಹಿಂದೆಯೇ ಹೋಗಿ. ಅದನ್ನು ಹಿಂದೆ ಹಾಕಿದರೆ ನಿಮಗೆ ಸಿಗುವುದು ಇನ್ನೂ ತೆಗೆಯದ ಹಿಮ.

ಏರಿನಲ್ಲಿ ಮುಂದಿನ ಗಾಡಿ ಮೇಲೆ ಹತ್ತಿ ಮುಗಿಯುವ ತನಕ ಕೆಳಗೇ ಕಾಯುವುದು ಒಳ್ಳೆಯದು. ಮಧ್ಯದಲ್ಲಿ ನಿಂತರೆ ಮತ್ತೆ ಹೊರಡುವುದು ಕಷ್ಟ. ಇಳಿಜಾರಿನಲ್ಲಿ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಆಟೋಮ್ಯಾಟಿಕ್ ಆದರೆ ಕೈಯಿಂದ ಗೇರ್ ಹಾಕುವ ವ್ಯವಸ್ಥೆ ಎಲ್ಲಿದೆ ಅಂತ ಪಾರ್ಕಿಂಗ್‌ನಲ್ಲೇ ಹುಡುಕಿಟ್ಟುಕೊಳ್ಳಿ. ಚಕ್ರ ಸುಮ್ನೆ ಸುತ್ತುತ್ತಿದ್ದರೆ ಎರಡನೇ ಗೇರಿನಲ್ಲಿ ಹೊರಡಿಸಿ ನೋಡಿ. ಆಳವಾದ ಹಿಮದಲ್ಲಿ ಸಿಕ್ಕಿಕೊಂಡರೆ ಚಕ್ರ ಸುಮ್ನೆ ಸುತ್ತದ ಹಾಗೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಸ್ವಲ್ಪ ಹೊತ್ತು ಆಫ್ ಮಾಡಬೇಕಾಗಬಹುದು, ಹೊರಬಂದ ಮೇಲೆ ಮತ್ತೆ ಆನ್ ಮಾಡಿ.

ಎಷ್ಟು ಜಾಗ್ರತೆ ಇದ್ದರೂ ಒಮ್ಮೊಮ್ಮೆ ಜಾರುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತಿದ್ದರೆ ಇನ್ನಷ್ಟು ತಿರುಗಿಸಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ಸ್ವಲ್ಪ ಸಡಿಲಿಸಿ. ವೇಗ ಇಳಿದ ಹಾಗೆ ಮುಂದಿನ ಚಕ್ರಗಳಿಗೆ ಹಿಡಿತ ವಾಪಸ್ ಬರುತ್ತದೆ. ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿದರೆ ಎಲ್ಲಿಗೆ ಹೋಗಬೇಕೋ ಆ ಕಡೆ ಕಣ್ಣಿಟ್ಟು ಅತ್ತಲೇ ಸ್ಟೀರಿಂಗ್ ತಿರುಗಿಸಿ. ನಿಲ್ಲಿಸಲೇಬೇಕು ಅಂದಾಗ ಬ್ರೇಕನ್ನು ಜೋರಾಗಿ ಒತ್ತಿ ಹಿಡಿಯಿರಿ. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿ ನಿಲ್ಲದ ಹಾಗೆ ನೋಡಿಕೊಳ್ಳುವ ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಡಿ ಗಡಗಡ ಅಂತ ನಡುಗುತ್ತದೆ. ಏನೋ ಮುರಿಯಿತು ಅಂತ ಹೆದರಿ ಕಾಲು ತೆಗೆಯುವವರೇ ಹೆಚ್ಚು. ತೆಗೆಯಬೇಡಿ. ಮೊದಲ ದಿನ ಖಾಲಿ, ಸಮತಟ್ಟಾದ, ಹಿಂದೆ ಮುಂದೆ ಯಾರೂ ಇಲ್ಲದ ಜಾಗದಲ್ಲಿ 20 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿ ಆ ನಡುಕವನ್ನು ಪರಿಚಯ ಮಾಡಿಕೊಳ್ಳಿ.

ಹಿಮಕ್ಕಿಂತ ನನಗೆ ಹೆಚ್ಚು ಭಯ ಕಣ್ಣಿಗೆ ಕಾಣದ ಐಸ್‌ದು. ರಸ್ತೆ ಬರೀ ಒದ್ದೆಯಾದ ಹಾಗೆ ಕಾಣುತ್ತದೆ, ಆದರೆ ಮೇಲೆ ತೆಳುವಾದ ಐಸ್ ಇರುತ್ತದೆ. ಸೇತುವೆಗಳ ಮೇಲೆ ಅದು ಬೇಗ ಕಟ್ಟುತ್ತದೆ, ಏಕೆಂದರೆ ಮೇಲಿಂದಲೂ ಕೆಳಗಿಂದಲೂ ತಣ್ಣನೆ ಗಾಳಿ ಆಡುತ್ತದೆ. ಬಿಸಿಲು ತಾಗದ ಕಾಡಿನ ನೆರಳು, ಸುರಂಗದಿಂದ ಹೊರಬರುವ ಜಾಗ, ಇಲ್ಲೆಲ್ಲ ಜಾಗ್ರತೆ. ಕಾರಿನಲ್ಲಿ ಹೊರಗಿನ ಉಷ್ಣತೆ ತೋರಿಸುತ್ತದೆ ಅಲ್ವಾ, ಅದರ ಮೇಲೆ ಕಣ್ಣಿಡಿ. 3 ಡಿಗ್ರಿ ಅಂತ ತೋರಿಸುವಾಗಲೇ ರಸ್ತೆಯ ಮೇಲೆ 0 ಇರಬಹುದು. ಜನ ಮೈನಸ್ 15ಕ್ಕೆ ಹೆದರುತ್ತಾರೆ. ನಿಜಕ್ಕೂ ಜಾಸ್ತಿ ಜಾರುವುದು 0 ಡಿಗ್ರಿ ಆಸುಪಾಸಿನಲ್ಲಿ, ಐಸ್ ಮೇಲೆ ನೀರಿನ ಪದರ ನಿಂತಾಗ. ಸ್ಕೀ ಊರಿನಲ್ಲಿ ಇದಕ್ಕೆ ಒಂದು ಹೊತ್ತು ಇದೆ. ಮಧ್ಯಾಹ್ನದ ಬಿಸಿಲಿಗೆ ಕರಗಿದ ನೀರು ಸಂಜೆ ಸೂರ್ಯ ಬೆಟ್ಟದ ಹಿಂದೆ ಹೋದ ಕೂಡಲೇ ಮತ್ತೆ ಹೆಪ್ಪುಗಟ್ಟುತ್ತದೆ. ಲಿಫ್ಟ್‌ಗಳು ಮುಚ್ಚಿ, ದಣಿದ ಜನರೆಲ್ಲ ಒಟ್ಟಿಗೆ ಪಾರ್ಕಿಂಗ್‌ನಿಂದ ಹೊರಡುವುದೂ ಅದೇ ಹೊತ್ತಿಗೆ. ಬೆಳಗ್ಗೆ ಒಣಗಿದ್ದ ರಸ್ತೆ ಸಂಜೆಗೂ ಹಾಗೇ ಇರುತ್ತದೆ ಅನ್ನುವ ನಂಬಿಕೆ ಬೇಡ. ಸ್ಕೀ ಬೂಟು ಬಿಚ್ಚಿ, ಬೇರೆ ಶೂ ಹಾಕಿ, ಅಡಿಗೆ ಅಂಟಿದ ಹಿಮ ಒದರಿ ಕೂತುಕೊಳ್ಳಿ, ಇಲ್ಲದಿದ್ದರೆ ಪೆಡಲ್ ಮೇಲೆ ಕಾಲು ಜಾರುತ್ತದೆ. ಸ್ಕೀ ಮುಗಿಸಿ ಒಂದು ಗ್ಲಾಸ್ ಕುಡಿಯುವ ಅಭ್ಯಾಸ ಅಲ್ಲಿ ಜೋರಾಗಿದೆ. ರಕ್ತದಲ್ಲಿ ಮದ್ಯದ ಮಿತಿ ಆಸ್ಟ್ರಿಯಾದಲ್ಲಿ ಸಾವಿರಕ್ಕೆ 0.5, ಆದರೆ ಹಿಮದಲ್ಲಿ ಓಡಿಸುವವರಿಗೆ ಸೊನ್ನೆಯೇ ಸರಿ.

ಮಕ್ಕಳ ವಿಷಯ. ಜರ್ಮನಿಯಲ್ಲಿ 12 ವರ್ಷ ತುಂಬದ, 150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ದಪ್ಪ ಚಳಿ ಜಾಕೆಟ್ ಮೇಲೆಯೇ ಬೆಲ್ಟ್ ಕಟ್ಟಬೇಡಿ. ಬಿಗಿಯಾಗಿದೆ ಅನ್ನಿಸಿದರೂ ಡಿಕ್ಕಿ ಹೊಡೆದಾಗ ಜಾಕೆಟ್ ಒಳಗಿನ ಗಾಳಿಯೆಲ್ಲ ಒತ್ತಿಹೋಗಿ ಬೆಲ್ಟ್ ಸಡಿಲವಾಗುತ್ತದೆ. ಜಾಕೆಟ್ ಬಿಚ್ಚಿಸಿ ಬೆಲ್ಟ್ ಹಾಕಿ, ಮೇಲೆ ಹೊದಿಸಿ. ಸ್ಕೀಗಳನ್ನು ಸೀಟಿನ ಪಕ್ಕ ಸುಮ್ನೆ ಒರಗಿಸಿಡಬೇಡಿ, ಕಟ್ಟಿ ಅಥವಾ ಮೇಲಿನ ಪೆಟ್ಟಿಗೆಯಲ್ಲಿ ಹಾಕಿ.

ಬೆಳಗ್ಗೆ ಹೊರಡುವಾಗ ಇಡೀ ಕಾರಿನ ಹಿಮ ಗುಡಿಸಿ, ಮಾಡಿನದೂ ಸೇರಿ. ಬ್ರೇಕ್ ಹಾಕಿದಾಗ ಮಾಡಿನ ಹಿಮ ಜಾರಿ ಮುಂದಿನ ಗಾಜನ್ನು ಪೂರ್ತಿ ಮುಚ್ಚಿಬಿಡುತ್ತದೆ. ಗಾಜಿನ ಮೇಲೆ ಬಿಸಿನೀರು ಸುರಿಯಬೇಡಿ, ಸೀಳು ಬಿಡುತ್ತದೆ. ನಿಂತಲ್ಲೇ ಎಂಜಿನ್ ಓಡಿಸಿ ಬೆಚ್ಚಗೆ ಮಾಡುವುದು ಜರ್ಮನಿಯಲ್ಲೂ ಆಸ್ಟ್ರಿಯಾದಲ್ಲೂ ಕಾನೂನಿಗೆ ವಿರುದ್ಧ. ರಾತ್ರಿ ನಿಲ್ಲಿಸುವಾಗ ವೈಪರ್ ಎತ್ತಿಡಿ. ಡೀಸೆಲ್ ಕಾರಾದರೆ ಬೆಟ್ಟದ ಕೆಳಗಿನ ಊರಿನ ಬಂಕಿನಲ್ಲಿ ತುಂಬಿಸಿ, ಅಲ್ಲಿ ಚಳಿಗಾಲಕ್ಕೆ ಮಾಡಿದ ಡೀಸೆಲ್ ಸಿಗುತ್ತದೆ.

ರಸ್ತೆ ಮುಚ್ಚಿ ಗಂಟೆಗಟ್ಟಲೆ ಕಾರಿನಲ್ಲೇ ಕೂರಬೇಕಾಗಿ ಬಂದರೆ ಇಳಿದು ನಡೆದು ಹೋಗಬೇಡಿ. ಕಂಬಳಿ, ನೀರು, ತಿಂಡಿ, ಚಾರ್ಜ್ ತುಂಬಿದ ಪವರ್ ಬ್ಯಾಂಕ್ ಒಳಗೇ ಇರಲಿ. ಎಂಜಿನ್ ಹಾಕುವ ಮೊದಲು ಇಳಿದು ಸೈಲೆನ್ಸರ್ ಕೊಳವೆಯ ಸುತ್ತ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಇದನ್ನು ಮಾತ್ರ ಮರೆಯಬೇಡಿ. ತುರ್ತಿಗೆ ಯೂರೋಪಿನಲ್ಲೆಲ್ಲ 112. ಗಾಡಿ ಕೆಟ್ಟರೆ ಬಾಡಿಗೆ ಕಂಪನಿಯ ನಂಬರ್ ಮೊದಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಅನ್ನಿಸಬಹುದು. ನಿಮ್ಮ ದಾರಿ ನಿಜಕ್ಕೂ ಹೊಸಬರಿಗೆ ಒಳ್ಳೆಯದು. ಮ್ಯೂನಿಕ್‌ನಿಂದ ಗಡಿಯ ಊರು ಕುಫ್‌ಸ್ಟೈನ್ ದಾಟಿ ಇನ್ ಕಣಿವೆಯವರೆಗೆ ಹೆದ್ದಾರಿ. ಅಲ್ಲಿಂದ ಜಿಲ್ಲರ್‌ಟಾಲ್ ಒಳಗಿನ ಊರು ಮೈರ್‌ಹೋಫೆನ್ ತನಕ ಕಣಿವೆಯ ತಳದಲ್ಲಿ ಹೆಚ್ಚುಕಡಿಮೆ ಸಮತಟ್ಟು ರಸ್ತೆ, ಚೆನ್ನಾಗಿ ಹಿಮ ತೆಗೆದಿರುತ್ತಾರೆ. ಕಷ್ಟ ಇರುವುದು ಕೊನೆಯ ಕೆಲವು ಕಿ.ಮೀ.ಗಳಲ್ಲಿ, ಮುಖ್ಯ ರಸ್ತೆ ಬಿಟ್ಟು ಹೋಟೆಲ್ ಕಡೆ ಏರುವಾಗ. ಹೋಟೆಲಿಗೆ ಇವತ್ತೇ ಬರೆದು ಕೇಳಿ: ನಿಮ್ಮ ರಸ್ತೆ ಎಷ್ಟು ಕಡಿದು, ಚೈನ್ ಬೇಕಾಗುತ್ತದಾ, ಹಿಮ ಜಾಸ್ತಿ ಬಿದ್ದರೆ ಕಾರು ಕೆಳಗೆ ನಿಲ್ಲಿಸಿದರೆ ನಮ್ಮನ್ನು ಕರೆದೊಯ್ಯುತ್ತೀರಾ? ಇಂಥ ಪ್ರಶ್ನೆ ಅವರಿಗೆ ಹೊಸದಲ್ಲ.

ವಾಪಸ್ ಬರುವ ದಿನಕ್ಕೂ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. 2019ರ ಜನವರಿಯಲ್ಲಿ ಹಿಮ ಎಷ್ಟು ಸುರಿಯಿತೆಂದರೆ ಹಿಮಕುಸಿತದ ಭಯಕ್ಕೆ ಆಸ್ಟ್ರಿಯಾದಲ್ಲಿ ಹಲವು ರಸ್ತೆ ಮುಚ್ಚಿ, ಓಬರ್‌ಟಾವರ್ನ್‌ನಂಥ ಸ್ಕೀ ಊರುಗಳಿಗೆ ಸಂಪರ್ಕವೇ ಕಡಿದಿತ್ತು. ದೊಡ್ಡ ಹಿಮಪಾತದ ಮುನ್ಸೂಚನೆ ಇದ್ದರೆ ವಿಮಾನದ ಹಿಂದಿನ ದಿನವೇ ಇಳಿದು ಮ್ಯೂನಿಕ್‌ಗೆ ಬಂದುಬಿಡಿ.

ಕೊನೆಗೆ ಒಂದು ಮಾತು ಕೇಳಿಬಿಡುತ್ತೇನೆ: ಕಾರು ಬೇಕೇ ಬೇಕಾ? ಮ್ಯೂನಿಕ್‌ನಿಂದ ರೈಲಿನಲ್ಲಿ ಯೆನ್‌ಬಾಖ್‌ಗೆ ಬಂದರೆ ಅಲ್ಲಿಂದ ಮೈರ್‌ಹೋಫೆನ್ ತನಕ ಕಣಿವೆಯ ಪುಟ್ಟ ರೈಲು ಇದೆ, ಒಳಗೆ ಸ್ಕೀ ಬಸ್ಸುಗಳು ಓಡಾಡುತ್ತವೆ. ಹೋಟೆಲ್ ಯಾವ ಹಳ್ಳಿಯಲ್ಲಿ ಅಂತ ಕೆಳಗೆ ಬರೆಯಿರಿ. ಮೈರ್‌ಹೋಫೆನ್ ಊರೊಳಗೇ ಆದರೆ ನಾನು ರೈಲು ಅನ್ನುತ್ತೇನೆ. ಗೆರ್ಲೋಸ್ ಅಥವಾ ಹಿಂಟರ್‌ಟುಕ್ಸ್ ಕಡೆ ಆದರೆ ಕಾರು ತಗೊಳ್ಳಿ, ಚೈನ್‌ಗೆ ಈಗಲೇ ಹೇಳಿಡಿ.